ಪೋರ್ಟ್ ಡಗ್ಲಸ್ ಪ್ರವಾಸ: ಹವಳದ ದಿಬ್ಬವನ್ನೂ ಮಳೆಕಾಡನ್ನೂ ಸರಿಯಾದ ಕ್ರಮದಲ್ಲಿ ನೋಡುವ ಸಮಗ್ರ ಮಾರ್ಗದರ್ಶಿ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉತ್ತರ ಕರಾವಳಿಯಲ್ಲಿರುವ ಪೋರ್ಟ್ ಡಗ್ಲಸ್ ಎಂಬ ಪುಟ್ಟ ಊರಿಗೆ ಹೋಗಿಬಂದವರು ಹೇಳಿಕೊಳ್ಳುವ ನಿರಾಶೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೊನೆಯ ದಿನಕ್ಕೆಂದು ಉಳಿಸಿಕೊಂಡಿದ್ದ ಹವಳದ ದಿಬ್ಬದ (ಗ್ರೇಟ್ ಬ್ಯಾರಿಯರ್ ರೀಫ್) ಯಾನವು ಗಾಳಿಯಿಂದಾಗಿ ರದ್ದಾಗಿರುತ್ತದೆ, ಇಲ್ಲವೇ ರದ್ದಾಗದೆ ಇಡೀ ದಿನ ವಾಂತಿಯಲ್ಲಿ ಕಳೆದಿರುತ್ತದೆ. ಕಡಲಿಗಿಳಿಯುವ ಆಸೆಯಿಂದ ಬಂದವರು ಜೆಲ್ಲಿ ಮೀನು ಮತ್ತು ಮೊಸಳೆಗಳ ಎಚ್ಚರಿಕೆಯ ಫಲಕಗಳನ್ನು ಕಂಡು ದಡದಲ್ಲೇ ನಿಂತಿರುತ್ತಾರೆ. ಡೇನ್‌ಟ್ರೀ ಮಳೆಕಾಡಿಗೆ ಮಧ್ಯಾಹ್ನ ಹೊರಟವರು ನದಿ ದಾಟಿ ಒಂದೆರಡು ತಿರುವು ಸುತ್ತುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.

ಇವನ್ನು ದುರದೃಷ್ಟವೆಂದು ಬಗೆಯುವುದು ತಪ್ಪು, ಏಕೆಂದರೆ ಬಹುಪಾಲು ಪ್ರಕರಣಗಳಲ್ಲಿ ಕೆಟ್ಟಿರುವುದು ಕ್ರಮ. ಈ ಊರಿನಲ್ಲಿ ಯಾವ ದಿನ ಏನು ಮಾಡಬೇಕೆಂಬುದನ್ನು ಗಾಳಿ, ಉಬ್ಬರವಿಳಿತ ಮತ್ತು ಮಳೆ ನಿರ್ಧರಿಸುತ್ತವೆಯೇ ಹೊರತು ಮನೆಯಲ್ಲಿ ಕುಳಿತು ಬರೆದ ದಿನಚರಿಯಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಅನುಕ್ರಮದಲ್ಲಿಯೇ ಅನುಸರಿಸುವುದು ಮುಖ್ಯ.

ಹಂತ 1: ತಿಂಗಳನ್ನು ಆರಿಸುವುದು

ಇಲ್ಲಿ ಮಳೆಗಾಲವು ಸುಮಾರಾಗಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಒಣಹವೆಯ ಕಾಲವು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಇರುತ್ತದೆ. ಒಣಹವೆ ಎಂದ ಕೂಡಲೇ ಕಡಲು ಶಾಂತವಾಗಿರುತ್ತದೆ ಎಂದು ತಿಳಿಯುವುದು ಅತಿ ಸಾಮಾನ್ಯವಾದ ತಪ್ಪು. ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತಗಳು ಜೂನ್, ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ದಿನಗಟ್ಟಲೆ ಬಿಡದೆ ಬೀಸುವುದುಂಟು. ಆಗ ಬಿಸಿಲು ಚೆನ್ನಾಗಿರುತ್ತದೆ, ಸೆಕೆಯೂ ಹೆಚ್ಚಿರುವುದಿಲ್ಲ, ಕಾಡಿನ ಹಾದಿಗಳು ಒಣಗಿರುತ್ತವೆ, ಆದರೆ ಕರಾವಳಿಯಿಂದ ದೂರವಿರುವ ಹೊರ ದಿಬ್ಬಕ್ಕೆ ಹೋಗುವ ದೋಣಿ ಮಾತ್ರ ಕುಲುಕಾಡುತ್ತದೆ.

ಗಾಳಿ ತಗ್ಗಿ, ನೀರು ತಿಳಿಯಾಗಿ, ಮಳೆ ಇನ್ನೂ ಶುರುವಾಗದಿರುವ ಅವಧಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ದಿನಗಳವರೆಗಿನದು. ಹವಳವನ್ನು ನೋಡುವುದೇ ಮುಖ್ಯ ಉದ್ದೇಶವಾಗಿದ್ದರೆ ನನ್ನ ಆಯ್ಕೆ ಅಕ್ಟೋಬರ್. ಕಾಡಿನಲ್ಲಿ ನಡೆಯುವುದೇ ಹೆಚ್ಚು ಪ್ರಿಯವಾಗಿದ್ದರೆ ಜೂನ್ ಅಥವಾ ಜುಲೈ ಒಳ್ಳೆಯದು. ನವೆಂಬರ್‌ನಿಂದ ಮೇ ತಿಂಗಳವರೆಗೆ ಕರಾವಳಿಯ ನೀರಿನಲ್ಲಿ ಕುಟುಕುವ ಜೆಲ್ಲಿ ಮೀನುಗಳ ಹಾವಳಿ ಇರುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಚಂಡಮಾರುತಗಳ ಕಾಲವೂ ಹೌದು. 2023ರ ಡಿಸೆಂಬರ್‌ನಲ್ಲಿ ಜ್ಯಾಸ್ಪರ್ ಚಂಡಮಾರುತವು ತಂದ ಮಳೆಗೆ ಈ ಭಾಗದ ರಸ್ತೆಗಳಲ್ಲಿ ಹಲವೆಡೆ ಗುಡ್ಡ ಕುಸಿದು, ಡೇನ್‌ಟ್ರೀ ನದಿಯ ಉತ್ತರದ ಊರುಗಳು ಹೊರಗಿನ ಸಂಪರ್ಕವನ್ನೇ ಕಳೆದುಕೊಂಡಿದ್ದವು. ಮಳೆಗಾಲದಲ್ಲಿ ಹೋಗಲೇಬಾರದು ಎಂದಲ್ಲ, ಏಕೆಂದರೆ ಜಲಪಾತಗಳೂ ಕಾಡಿನ ಹಸಿರೂ ಆಗಲೇ ತುಂಬಿಕೊಂಡಿರುತ್ತವೆ. ಹಾಗೆ ಹೋಗುವವರು ಹಣ ಹಿಂತಿರುಗಿ ಬರುವಂಥ ಮುಂಗಡ ಕಾದಿರಿಸುವಿಕೆಯನ್ನೇ ಆರಿಸಬೇಕು.

ಹಂತ 2: ದಿನಗಳ ಲೆಕ್ಕ ಮತ್ತು ಅವುಗಳ ಅನುಕ್ರಮ

ಇಡೀ ಪ್ರವಾಸದ ಯಶಸ್ಸು ನಿಂತಿರುವುದು ಈ ಹಂತದ ಮೇಲೆ. ಕನಿಷ್ಠ ಐದು ರಾತ್ರಿಗಳು ಬೇಕು. ನಾಲ್ಕಾದರೂ ಸಾಧ್ಯ, ಆದರೆ ಆಗ ಬಿಡುವಿನ ದಿನವೇ ಇರುವುದಿಲ್ಲ, ಮತ್ತು ಆ ಬಿಡುವಿನ ದಿನವೇ ಉಳಿದೆಲ್ಲ ದಿನಗಳನ್ನು ಕಾಪಾಡುವುದು.

ಮೊದಲ ದಿನ ಊರು ಸೇರಿ ವಿಶ್ರಮಿಸಿ, ಕಡಲತೀರದ ನಿಯಮಗಳನ್ನು ತಿಳಿದುಕೊಳ್ಳಬೇಕು. ಎರಡನೆಯ ದಿನ ಹವಳದ ದಿಬ್ಬಕ್ಕೆ ಹೋಗಬೇಕು. ಮೂರನೆಯ ದಿನವನ್ನು ಖಾಲಿ ಬಿಡಬೇಕು: ಹಿಂದಿನ ದಿನ ಗಾಳಿಯಿಂದ ಯಾನ ನಿಂತಿದ್ದರೆ ಅದನ್ನು ಇಲ್ಲಿಗೆ ಮುಂದೂಡಬಹುದು, ನಿಲ್ಲದಿದ್ದರೆ ಹತ್ತಿರದ ಮಾಸ್‌ಮನ್ ಕಮರಿಗೆ ಹೋಗಬಹುದು. ನಾಲ್ಕನೆಯ ದಿನ ಡೇನ್‌ಟ್ರೀ ನದಿ ದಾಟಿ, ಮಳೆಕಾಡು ಕಡಲಿಗೆ ತಾಗುವ ಕೇಪ್ ಟ್ರಿಬ್ಯುಲೇಷನ್‌ಗೆ ಹೋಗಿ, ಸಾಧ್ಯವಾದರೆ ಅಲ್ಲಿಯೇ ಒಂದು ರಾತ್ರಿ ತಂಗಬೇಕು. ಐದನೆಯ ದಿನ ಕಾಡಿನಿಂದ ಮರಳಿ, ಆರನೆಯ ದಿನ ಹೊರಡಬೇಕು.

ಹವಳದ ದಿಬ್ಬವನ್ನು ಮೊದಲು ಇಡುವುದಕ್ಕೆ ಎರಡು ಕಾರಣಗಳಿವೆ. ಗಾಳಿ ಜೋರಾದರೆ ದೋಣಿ ನಿಲ್ಲುತ್ತದೆ, ಆದರೆ ಕಾಡು ಎಲ್ಲಿಗೂ ಹೋಗುವುದಿಲ್ಲ. ಗಾಳಿ ಬೀಸುವ ದಿನದಲ್ಲೂ, ಸಾಧಾರಣ ಮಳೆಯ ದಿನದಲ್ಲೂ ಮರಗಳ ಕೆಳಗೆ ನಡೆಯುವುದಕ್ಕೆ ಅಡ್ಡಿಯಿಲ್ಲ. ಎರಡನೆಯ ಕಾರಣ ದೇಹಕ್ಕೆ ಸಂಬಂಧಿಸಿದ್ದು. ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ಸ್ಕೂಬಾ ಮುಳುಗು ಹಾಕಿದವರ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚುವರಿ ನೈಟ್ರೋಜನ್ ಕರಗಿರುತ್ತದೆ, ಮತ್ತು ಅದು ಹೊರಹೋಗುವ ಮೊದಲೇ ವಿಮಾನವೇರಿದರೆ ಒತ್ತಡ ತಗ್ಗಿ, ಆ ಅನಿಲವು ಗುಳ್ಳೆಗಳಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ತರಬಹುದು. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂಬುದು ಮುಳುಗುಗಾರರ ಸುರಕ್ಷತಾ ಸಂಸ್ಥೆಗಳ ಸಲಹೆ. 24 ಗಂಟೆ ಬಿಡುವುದು ಇನ್ನೂ ಕ್ಷೇಮಕರ. ಹೆಲಿಕಾಪ್ಟರ್ ವಿಹಾರಕ್ಕೂ, ಕರಾವಳಿಯ ಹಿಂಬದಿಯಲ್ಲಿರುವ ಅಥರ್ಟನ್ ಪ್ರಸ್ಥಭೂಮಿಯಂಥ ಎತ್ತರದ ಜಾಗಕ್ಕೆ ಕಾರಿನಲ್ಲಿ ಏರುವುದಕ್ಕೂ ಇದೇ ಎಚ್ಚರ ಅನ್ವಯಿಸುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ನೀರಿನ ಮೇಲ್ಮೈಯಲ್ಲಿ ತೇಲುತ್ತ ನೋಡುವ ಸ್ನಾರ್ಕಲಿಂಗ್ ಮಾಡಿದವರಿಗೆ ಈ ನಿರ್ಬಂಧವಿಲ್ಲ.

ಹಂತ 3: ಹೊರಡುವ ಮೊದಲಿನ ಕಾಗದಪತ್ರಗಳು

ಭಾರತದ ಪಾಸ್‌ಪೋರ್ಟ್ ಉಳ್ಳವರು ಸಾಮಾನ್ಯವಾಗಿ 600ನೇ ಉಪವರ್ಗದ ಸಂದರ್ಶಕ ವೀಸಾ ಪಡೆಯಬೇಕು. ಆಹಾರ, ಬೀಜ, ಮರದ ವಸ್ತು ಮುಂತಾದವುಗಳ ಬಗ್ಗೆ ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ನಿಯಮಗಳು ಬಹಳ ಕಠಿಣವಾಗಿವೆ. ಚೀಲದಲ್ಲಿ ತಿಂಡಿಯ ಪೊಟ್ಟಣವೊಂದಿದ್ದರೂ ಆಗಮನದ ಘೋಷಣೆಯಲ್ಲಿ ಅದನ್ನು ತಿಳಿಸಬೇಕು, ಏಕೆಂದರೆ ತಿಳಿಸಿದ್ದಕ್ಕೆ ದಂಡವಿಲ್ಲ, ಮುಚ್ಚಿಟ್ಟಿದ್ದಕ್ಕೆ ಇದೆ.

ಪ್ರಯಾಣ ವಿಮೆಯನ್ನು ಕೊಳ್ಳುವಾಗ ಸ್ಕೂಬಾ ಮತ್ತು ಸ್ನಾರ್ಕಲಿಂಗ್ ಅದರಲ್ಲಿ ಸೇರಿವೆಯೇ, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂಬ ಎರಡು ಅಂಶಗಳನ್ನು ಓದಿ ಖಚಿತಪಡಿಸಿಕೊಳ್ಳಬೇಕು. ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು ತಮ್ಮ ವೈದ್ಯರನ್ನು ಕೇಳಿಕೊಂಡೇ ಹೊರಡಬೇಕು. ದೋಣಿಯಲ್ಲಿ ಆರೋಗ್ಯದ ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳುತ್ತಾರೆ, ಮತ್ತು ಅಲ್ಲಿ ಸುಳ್ಳು ಬರೆಯುವುದು ಪ್ರಾಣಕ್ಕೇ ಅಪಾಯ. ಸ್ನಾರ್ಕಲಿಂಗ್ ಮಾಡುವಾಗ ಸಂಭವಿಸುವ ಸಾವುಗಳಲ್ಲಿ ಹಲವಕ್ಕೆ ಮೊದಲೇ ಇದ್ದ ಹೃದ್ರೋಗವೇ ಕಾರಣ.

ಕಾರು ಬಾಡಿಗೆಗೆ ಪಡೆಯುವವರು ಒಪ್ಪಂದದಲ್ಲಿ ಡಾಂಬರಿಲ್ಲದ ರಸ್ತೆಗಳ ಬಗ್ಗೆ ಏನಿದೆಯೆಂದು ನೋಡಬೇಕು. ಕೇಪ್ ಟ್ರಿಬ್ಯುಲೇಷನ್‌ವರೆಗೆ ರಸ್ತೆಗೆ ಡಾಂಬರಿದೆ. ಅದರಾಚೆಗಿನ ಬ್ಲೂಮ್‌ಫೀಲ್ಡ್ ಹಾದಿಯು ನಾಲ್ಕು ಚಕ್ರಕ್ಕೂ ಚಾಲನೆಯಿರುವ ವಾಹನಗಳಿಗೆ ಮಾತ್ರ ಯೋಗ್ಯವಾದುದು, ಮತ್ತು ಸಾಧಾರಣ ಬಾಡಿಗೆ ಕಾರಿನಲ್ಲಿ ಅಲ್ಲಿಗೆ ಹೋದರೆ ವಿಮೆಯ ರಕ್ಷಣೆ ಸಿಗುವುದಿಲ್ಲ.

ಹಂತ 4: ಜೊತೆಗೆ ಬೇಕಾದ ಸಾಮಗ್ರಿ

ಉದ್ದ ತೋಳಿನ ಈಜುಡುಪು ಎಲ್ಲಕ್ಕಿಂತ ಮೊದಲು ಬೇಕು. ಅದು ಬಿಸಿಲನ್ನು ತಡೆಯುತ್ತದೆ, ಮತ್ತು ಹಚ್ಚಬೇಕಾದ ಸನ್‌ಸ್ಕ್ರೀನ್ ಕಡಿಮೆಯಾದಷ್ಟೂ ನೀರಿಗೆ ಸೇರುವ ರಾಸಾಯನಿಕವೂ ಕಡಿಮೆಯಾಗುತ್ತದೆ. ಬೆನ್ನು ಮೇಲಾಗಿ ಗಂಟೆಗಟ್ಟಲೆ ತೇಲುವುದರಿಂದ ತೊಡೆ ಮತ್ತು ಮೊಣಕಾಲಿನ ಹಿಂಭಾಗ ಸುಡುತ್ತದೆಂಬುದು ಮರುದಿನ ಕುಳಿತುಕೊಳ್ಳುವಾಗ ಮಾತ್ರ ತಿಳಿಯುವ ಸಂಗತಿ, ಆದ್ದರಿಂದ ಕಾಲನ್ನೂ ಮುಚ್ಚುವ ಉಡುಪು ಇನ್ನೂ ಉತ್ತಮ.

ಕನ್ನಡಕ ಧರಿಸುವವರು ದೃಷ್ಟಿದೋಷಕ್ಕೆ ತಕ್ಕ ಗಾಜಿರುವ ಮುಖಗವಸು ಸಿಗುವುದೇ ಎಂದು ದೋಣಿಯವರನ್ನು ಮುಂಚಿತವಾಗಿ ಕೇಳಬೇಕು, ಹಲವರು ಅದನ್ನು ಇಟ್ಟಿರುತ್ತಾರೆ. ಮೀಸೆಯಿರುವವರ ಮುಖಗವಸಿಗೆ ಮೇಲ್ದುಟಿಯ ಬಳಿ ನೀರು ನುಸುಳುತ್ತದೆ. ಮೀಸೆಯನ್ನು ಕತ್ತರಿಸಿ ಚಿಕ್ಕದು ಮಾಡಿಕೊಳ್ಳುವುದು ಅಥವಾ ಅಲ್ಲಿ ತೆಳುವಾಗಿ ವ್ಯಾಸಲೀನ್ ಹಚ್ಚುವುದು ಇದಕ್ಕೆ ಪರಿಹಾರ. ಕಾಡಿಗೆ ಮುಚ್ಚಿದ ಬೂಟು, ಉದ್ದ ಕಾಲುಚೀಲ, ಸೊಳ್ಳೆ ತಡೆಯುವ ಮುಲಾಮು, ಹಗುರವಾದ ಮಳೆಯಂಗಿ, ಟಾರ್ಚ್, ಹಾವು ಕಚ್ಚಿದರೆ ಬಿಗಿಯಾಗಿ ಸುತ್ತಲು ಅಗಲವಾದ ಒತ್ತುಪಟ್ಟಿ ಮತ್ತು ಒಬ್ಬರಿಗೆ ದಿನಕ್ಕೆ ಕನಿಷ್ಠ 2 ಲೀಟರ್ ನೀರು ಬೇಕು. ಅಂತರ್ಜಾಲ ಇಲ್ಲದಿದ್ದರೂ ತೆರೆಯುವಂತೆ ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಳ್ಳಬೇಕು.

ಹಂತ 5: ಮೊದಲ ದಿನ, ಕಡಲತೀರದ ನಿಯಮಗಳು

ಕೆರ್ನ್ಸ್ ವಿಮಾನ ನಿಲ್ದಾಣದಿಂದ ಪೋರ್ಟ್ ಡಗ್ಲಸ್‌ಗೆ ಕಡಲಂಚಿನ ಕ್ಯಾಪ್ಟನ್ ಕುಕ್ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆಯ ಹಾದಿ. ವಾಹನಗಳು ನಮ್ಮಲ್ಲಿಯಂತೆಯೇ ಎಡಬದಿಯಲ್ಲಿ ಸಾಗುತ್ತವೆ. ರಾತ್ರಿ ಪ್ರಯಾಣದ ಬಳಿಕ ಇಳಿದವರು ತಿರುವುಗಳಿರುವ ಈ ರಸ್ತೆಯಲ್ಲಿ ತಾವೇ ಕಾರು ನಡೆಸುವ ಬದಲು ಬಸ್ಸಿನಲ್ಲಿ ಹೋಗುವುದು ಒಳ್ಳೆಯದು.

ಊರಿನ ಫೋರ್ ಮೈಲ್ ಬೀಚ್‌ನಲ್ಲಿ ಸ್ನಾನಕ್ಕೆ ಇಳಿಯಬೇಕಾದದ್ದು ಜೀವರಕ್ಷಕರು ಕಾವಲಿರುವಾಗ, ಕೆಂಪು ಮತ್ತು ಹಳದಿ ಬಣ್ಣದ ಬಾವುಟಗಳ ನಡುವೆ ಮಾತ್ರ. ಜೆಲ್ಲಿ ಮೀನುಗಳ ಕಾಲದಲ್ಲಿ ಅಲ್ಲಿ ಬಲೆಯ ಆವರಣವನ್ನು ಕಟ್ಟುತ್ತಾರೆ. ಆ ಬಲೆಯು ದೊಡ್ಡ ಗಾತ್ರದ ಪೆಟ್ಟಿಗೆ ಜೆಲ್ಲಿ ಮೀನನ್ನು ತಡೆಯುತ್ತದೆ, ಆದರೆ ಹೆಬ್ಬೆರಳಿನ ಉಗುರಿನಷ್ಟೇ ಇರುವ ಇರುಕಾಂಜಿ ಎಂಬ ಜಾತಿಯು ಅದರ ಕಣ್ಣಿಗಳೊಳಗೆ ನುಸುಳಬಲ್ಲದು. ಆದ್ದರಿಂದ ಬಲೆಯೊಳಗೂ ಮೈಮುಚ್ಚುವ ಲೈಕ್ರಾ ಉಡುಪು ಬೇಕು.

ಈ ಎರಡರ ಕುಟುಕಿಗೂ ಲಕ್ಷಣಗಳು ಬೇರೆಬೇರೆ. ಪೆಟ್ಟಿಗೆ ಜೆಲ್ಲಿ ಮೀನು ತಾಕಿದ ಕ್ಷಣವೇ ಸಹಿಸಲಾಗದ ಉರಿ ಉಂಟಾಗಿ, ಚರ್ಮದ ಮೇಲೆ ಬಾಸುಂಡೆಯಂಥ ಗೆರೆಗಳು ಏಳುತ್ತವೆ, ಮತ್ತು ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲುವ ಅಪಾಯವಿದೆ. ಇರುಕಾಂಜಿ ತಾಕಿದಾಗ ಬಹಳ ಸಲ ಸಣ್ಣ ಚುರುಕಿಗಿಂತ ಹೆಚ್ಚೇನೂ ಆಗುವುದಿಲ್ಲ. ಸುಮಾರು ಅರ್ಧ ಗಂಟೆಯ ನಂತರ ಸೊಂಟನೋವು, ಸ್ನಾಯುಗಳ ಸೆಳೆತ, ಬೆವರು, ವಾಂತಿ, ಕಾರಣವಿಲ್ಲದ ಭಯ ಒಂದರ ಹಿಂದೊಂದು ಬರುತ್ತವೆ. ಈಜಿದ ಮೇಲೆ ಇಂಥ ನೋವು ಬಂದರೆ ದಣಿವೆಂದು ಮಲಗಬಾರದು. ಎರಡಕ್ಕೂ ಪ್ರಥಮ ಚಿಕಿತ್ಸೆ ಒಂದೇ: ನೀರಿನಿಂದ ಹೊರಗೆ ತರಬೇಕು, ತುರ್ತು ಸಂಖ್ಯೆ 000ಗೆ ಕರೆ ಮಾಡಬೇಕು, ಕುಟುಕಿದ ಜಾಗಕ್ಕೆ ಕನಿಷ್ಠ 30 ಸೆಕೆಂಡು ವಿನೆಗರ್ ಸುರಿಯಬೇಕು, ಉಸಿರು ನಿಂತರೆ ಎದೆಯೊತ್ತುವಿಕೆಯನ್ನು ಕೂಡಲೇ ಆರಂಭಿಸಬೇಕು. ಸಿಹಿನೀರಿನಲ್ಲಿ ತೊಳೆಯುವುದು, ಉಜ್ಜುವುದು, ಪಟ್ಟಿ ಬಿಗಿಯುವುದು ಸಲ್ಲದು, ಏಕೆಂದರೆ ಇನ್ನೂ ಸಿಡಿಯದೆ ಉಳಿದ ವಿಷಕೋಶಗಳು ಅದರಿಂದ ಸಿಡಿಯುತ್ತವೆ. ಈ ಕರಾವಳಿಯ ಬೀಚುಗಳ ಪ್ರವೇಶದಲ್ಲಿ ವಿನೆಗರ್ ಬಾಟಲಿಗಳನ್ನು ಕಂಬಗಳಲ್ಲಿ ಇಟ್ಟಿರುತ್ತಾರೆ. ಅವು ಎಲ್ಲಿವೆಯೆಂದು ಮೊದಲ ಸಂಜೆಯೇ ನೋಡಿಕೊಳ್ಳಬೇಕು.

ಮೊಸಳೆಯ ವಿಷಯದಲ್ಲಿ ನಿಯಮ ಇನ್ನೂ ನೇರವಾಗಿದೆ. ಇಲ್ಲಿನ ಉಪ್ಪುನೀರಿನ ಮೊಸಳೆಗಳು ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ತೊರೆ, ಬೀಚ್ ಎಲ್ಲೆಡೆಯೂ ಸಂಚರಿಸುತ್ತವೆ, ಮತ್ತು ಹೆಸರಿಗೆ ವ್ಯತಿರಿಕ್ತವಾಗಿ ಸಿಹಿನೀರಿನ ನದಿಗಳಲ್ಲೂ ಬಹಳ ದೂರ ಮೇಲಕ್ಕೆ ಹೋಗುತ್ತವೆ. ಫಲಕವಿಲ್ಲದ ಜಾಗ ಸುರಕ್ಷಿತವೆಂಬ ತೀರ್ಮಾನ ತಪ್ಪು. ಅಳಿವೆ ಮತ್ತು ತೊರೆಗಳ ಅಂಚಿನಿಂದ ಕನಿಷ್ಠ 5 ಮೀಟರ್ ದೂರ ನಿಲ್ಲಬೇಕು, ದೋಣಿ ಇಳಿಸುವ ಜಾಗಗಳಲ್ಲಿ ಕಾಲು ತೊಳೆಯಬಾರದು, ಮುಸ್ಸಂಜೆಯ ಮೇಲೆ ನೀರಿನ ಬದಿಯಲ್ಲಿ ಅಡ್ಡಾಡಬಾರದು, ಪ್ರತಿದಿನ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ನೀರಿಗೆ ಹತ್ತಿರವಾಗಬಾರದು. ಕೆಸರಿನ ದಡದಲ್ಲಿ ಹೊಟ್ಟೆ ಎಳೆದುಕೊಂಡು ಜಾರಿದಂಥ ನುಣುಪು ಗುರುತು ಕಂಡರೆ ಅಲ್ಲಿಂದ ಹಿಂತಿರುಗಬೇಕು.

ಹಂತ 6: ಹವಳದ ದಿಬ್ಬದ ದಿನ

ಯಾನವನ್ನು ಕಾದಿರಿಸಿದ ಮೇಲೂ ಪ್ರತಿದಿನ ಆಸ್ಟ್ರೇಲಿಯಾದ ಹವಾಮಾನ ಇಲಾಖೆಯ ಕಡಲ ಮುನ್ಸೂಚನೆಯನ್ನು ನೋಡುತ್ತಿರಬೇಕು. ಅಲ್ಲಿ ಗಾಳಿಯನ್ನು ನಾಟ್‌ಗಳಲ್ಲಿ ಹೇಳುತ್ತಾರೆ, ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. 10 ನಾಟ್ ಒಳಗಿದ್ದರೆ ನೀರು ಹಿತವಾಗಿರುತ್ತದೆ, 15ರವರೆಗೆ ಹೆಚ್ಚಿನವರು ತಾಳಿಕೊಳ್ಳಬಲ್ಲರು. 20 ದಾಟಿದರೆ ದೋಣಿ ಹೊರಟರೂ ಹೊಸಬರು, ಮಕ್ಕಳು ಮತ್ತು ಹಿರಿಯರು ಹೋಗದಿರುವುದೇ ಲೇಸು. ಹಿಂದಿನ ದಿನವೇ ದೋಣಿಯವರಿಗೆ ತಿಳಿಸಿ ದಿನ ಬದಲಿಸಿಕೊಳ್ಳಬೇಕು, ಅದಕ್ಕೆಂದೇ ಮೂರನೆಯ ದಿನವನ್ನು ಖಾಲಿ ಬಿಟ್ಟಿರುವುದು.

ಮೊದಲ ಸಲ ನೀರಿಗಿಳಿಯುವವರ ಮುಂದೆ ಎರಡು ಆಯ್ಕೆಗಳಿವೆ. ಅಜಿನ್‌ಕೋರ್ಟ್‌ನಂಥ ಹೊರ ದಿಬ್ಬಗಳು ವೇಗದ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆಯ ದೂರದಲ್ಲಿವೆ. ಅಲ್ಲಿ ನೀರು ಹೆಚ್ಚು ತಿಳಿ, ಹವಳದ ವೈವಿಧ್ಯವೂ ಹೆಚ್ಚು. ಲೋ ಐಲ್ಸ್ ದ್ವೀಪಗಳು ಊರಿನಿಂದ ಕೇವಲ 15 ಕಿಲೋಮೀಟರ್ ಆಚೆಗಿದ್ದು, ಅಲ್ಲಿ ಮರಳಿನ ದಡದಿಂದ ಮೆಲ್ಲನೆ ನಡೆದು ಆಳವಿಲ್ಲದ ನೀರಿಗಿಳಿಯಬಹುದು, ಕಡಲಾಮೆಗಳೂ ಕಾಣಸಿಗುತ್ತವೆ. ಈಜು ಬಾರದವರಿಗೆ, ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ನಾನು ಲೋ ಐಲ್ಸ್ ಅನ್ನೇ ಸೂಚಿಸುತ್ತೇನೆ. ಈಜು ಬಾರದಿದ್ದರೂ ಹೊರ ದಿಬ್ಬವನ್ನೇ ನೋಡಬೇಕೆನ್ನುವವರು ತೇಲುವ ವೇದಿಕೆ ಮತ್ತು ಅರ್ಧ ಮುಳುಗಿ ಸಾಗುವ ಗಾಜಿನ ಕಿಟಕಿಯ ದೋಣಿಯ ಸೌಲಭ್ಯವಿರುವ ಯಾನವನ್ನು ಆರಿಸಬೇಕು. ದೋಣಿಯಲ್ಲಿ ಮಾಸ್ಟರ್ ರೀಫ್ ಗೈಡ್ ತರಬೇತಿ ಪಡೆದವರು ಇದ್ದಾರೆಯೇ ಎಂದು ಕೇಳುವುದು ಲಾಭದಾಯಕ, ಏಕೆಂದರೆ ಕಂಡದ್ದು ಏನೆಂದು ಹೇಳಬಲ್ಲವರು ಜೊತೆಗಿದ್ದರೆ ಅದೇ ನೀರಿನಲ್ಲಿ ಹತ್ತುಪಟ್ಟು ಕಾಣುತ್ತದೆ.

ಕಡಲಿನ ತಲೆಸುತ್ತಿಗೆ ಮಾತ್ರೆಯನ್ನು ದೋಣಿ ಅಲುಗಾಡತೊಡಗಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಹೊರಡುವುದಕ್ಕೆ ಸುಮಾರು ಒಂದು ಗಂಟೆ ಮೊದಲು, ಲಘು ಉಪಾಹಾರದ ಜೊತೆಗೆ ತೆಗೆದುಕೊಳ್ಳಬೇಕು. ಅದು ನಿದ್ದೆ ಬರಿಸುವಂಥದ್ದಲ್ಲವೆಂದು ಔಷಧದಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು, ಮತ್ತು ಸ್ಕೂಬಾ ಮಾಡುವವರು ಆ ವಿಷಯವನ್ನೂ ಅಲ್ಲಿಯೇ ತಿಳಿಸಬೇಕು. ದೋಣಿಯ ಹಿಂಭಾಗದ ನಡುವಿನಲ್ಲಿ ಕುಳಿತು ದಿಗಂತದತ್ತ ದೃಷ್ಟಿ ನೆಟ್ಟಿರಬೇಕು, ಫೋನನ್ನು ನೋಡಬಾರದು.

ನೀರಿಗಿಳಿಯುವಾಗ ಆತುರವೇ ಶತ್ರು. ಮುಖಗವಸನ್ನು ಪಟ್ಟಿಯಿಲ್ಲದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದಾಗ ಅದು ಬೀಳದೆ ನಿಂತರೆ ಗಾತ್ರ ಸರಿಯಾಗಿದೆ ಎಂದರ್ಥ. ಪಟ್ಟಿಯನ್ನು ಅತಿಯಾಗಿ ಬಿಗಿದರೆ ಸೋರಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮೊದಲು ಏಣಿಯನ್ನು ಹಿಡಿದುಕೊಂಡೇ ಮುಖವನ್ನು ನೀರಿನಲ್ಲಿಟ್ಟು, ಬಾಯಿಯಿಂದ ನಿಧಾನವಾಗಿ ಹತ್ತಿಪ್ಪತ್ತು ಉಸಿರು ಎಳೆದು ಬಿಡಬೇಕು. ಎದೆ ಬಡಿತ ಶಾಂತವಾದ ಮೇಲೆಯೇ ಕೈಬಿಡಬೇಕು. ತೇಲುವ ಅಂಗಿಯನ್ನೋ ತೇಲುಗೊಳವೆಯನ್ನೋ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ, ಅದನ್ನು ಬಳಸುವವರು ಶಕ್ತಿ ವ್ಯಯವಾಗದೆ ಹೆಚ್ಚು ಹೊತ್ತು ನೋಡುತ್ತಾರೆ. ಒಂಟಿಯಾಗಿ ಹೋಗಬಾರದು. ಮೊದಲರ್ಧ ಹೊತ್ತನ್ನು ಪ್ರವಾಹಕ್ಕೆ ಎದುರಾಗಿ ಈಜಿದರೆ, ದಣಿದಾಗ ಅದೇ ಪ್ರವಾಹ ದೋಣಿಯತ್ತ ತರುತ್ತದೆ.

ಇವು ಕಂಡರೆ ಕೂಡಲೇ ಮೇಲೇರಬೇಕು: ಉಸಿರು ತುಂಡುತುಂಡಾಗುವುದು, ಎದೆ ಬಿಗಿಯುವುದು, ಮೀನಖಂಡ ಹಿಡಿದುಕೊಳ್ಳುವುದು, ನಡುಕ, ಅಥವಾ ಕಾಲು ಬಡಿಯುತ್ತಿದ್ದರೂ ದೋಣಿ ಹತ್ತಿರವಾಗದಿರುವುದು. ಬೆನ್ನ ಮೇಲೆ ತಿರುಗಿ ತೇಲುತ್ತ ಒಂದು ಕೈಯನ್ನು ಮೇಲೆತ್ತಿ ಬೀಸಿದರೆ ಕಾವಲಿನವರು ಬರುತ್ತಾರೆ.

ಹವಳವು ಜೀವಂತ ಪ್ರಾಣಿಗಳ ವಸಾಹತು. ಅದರ ಮೇಲೆ ನಿಲ್ಲುವುದಾಗಲಿ, ಕಾಲ್ರೆಕ್ಕೆಯಿಂದ ಒದೆಯುವುದಾಗಲಿ ವರ್ಷಗಳ ಬೆಳವಣಿಗೆಯನ್ನು ಮುರಿಯುತ್ತದೆ. ಆಳ ಕಡಿಮೆಯಾದ ಕಡೆ ಕಾಲನ್ನು ಆಡಿಸದೆ ಕೈಯಿಂದ ಮೆಲ್ಲನೆ ಹಿಂದೆ ಸರಿಯಬೇಕು. ಶಂಕುವಿನಾಕಾರದ ಚಂದದ ಚಿಪ್ಪುಗಳನ್ನು ಎತ್ತಿಕೊಳ್ಳಬಾರದು, ಅವುಗಳೊಳಗಿನ ಬಸವನಹುಳು ವಿಷದ ಮುಳ್ಳನ್ನು ಚುಚ್ಚುತ್ತದೆ. ಜಾಹೀರಾತಿನ ಕಡುಬಣ್ಣಗಳನ್ನು ನಿರೀಕ್ಷಿಸಿ ಹೋದವರು ಬೇಸರಪಡುತ್ತಾರೆ. ನೀರು ಕೆಂಪು ಬೆಳಕನ್ನು ಮೊದಲು ಹೀರಿಕೊಳ್ಳುವುದರಿಂದ ಕೆಲವೇ ಮೀಟರ್ ಆಳದಲ್ಲಿ ಎಲ್ಲವೂ ನೀಲಿ ಹಸಿರಾಗಿ ಕಾಣುತ್ತದೆ, ಮತ್ತು ಆರೋಗ್ಯವಂತ ಹವಳದಲ್ಲಿ ಬಹುಪಾಲು ಕಂದು, ಹಸಿರು ಮತ್ತು ಮಾಸಲು ಹಳದಿ ಬಣ್ಣದವೇ. ಕಣ್ಣು ಕುಕ್ಕುವ ಬಿಳಿ ಬಣ್ಣವೇ ಕಳವಳದ ಚಿಹ್ನೆ. ನೀರು ಅತಿಯಾಗಿ ಬಿಸಿಯಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಈ ದಿಬ್ಬಸಾಲಿನಲ್ಲಿ 2016, 2017, 2020, 2022 ಮತ್ತು 2024ರಲ್ಲಿ ಅಂಥ ವ್ಯಾಪಕ ಬಿಳಿಚುವಿಕೆ ಉಂಟಾಗಿತ್ತು. ಒಂದು ಜಾಗದಲ್ಲಿ ಹಾನಿ ಕಂಡರೆ ಪಕ್ಕದ ಜಾಗವೂ ಹಾಗೆಯೇ ಇರುತ್ತದೆಂದಲ್ಲ. ದೋಣಿಗಳು ದಿನಕ್ಕೆ ಎರಡು ಮೂರು ಕಡೆ ನಿಲ್ಲುವುದರ ಲಾಭವೂ ಅದೇ.

ಹಂತ 7: ನದಿ ದಾಟಿ ಮಳೆಕಾಡಿಗೆ

ಮಾಸ್‌ಮನ್ ಕಮರಿಗೆ ಅರ್ಧ ದಿನ ಸಾಕು. ಸಂದರ್ಶಕರ ಕೇಂದ್ರದಲ್ಲಿ ಕಾರು ನಿಲ್ಲಿಸಿ ಅಲ್ಲಿನ ಬಸ್ಸಿನಲ್ಲಿ ಒಳಗೆ ಹೋಗಬೇಕು. ಈ ನಾಡಿನ ಮೂಲನಿವಾಸಿಗಳಾದ ಕುಕು ಯಲಂಜಿ ಜನರು ನಡೆಸುವ ಕಾಲ್ನಡಿಗೆಯನ್ನು ಸೇರಿಕೊಂಡರೆ ಕಾಡನ್ನು ಓದುವ ಬಗೆ ತಿಳಿಯುತ್ತದೆ, ಅದರಿಂದ ಮುಂದಿನ ದಿನಗಳು ಹೆಚ್ಚು ಅರ್ಥಪೂರ್ಣವಾಗುತ್ತವೆ. ಅಲ್ಲಿನ ತೊರೆಯ ತಿಳಿನೀರು ಎಷ್ಟೇ ಆಕರ್ಷಿಸಿದರೂ ಇಳಿಯಬಾರದು, ಬಂಡೆಗಳು ಜಾರುತ್ತವೆ ಮತ್ತು ಮೇಲೆಲ್ಲೋ ಸುರಿದ ಮಳೆಗೆ ನೀರು ಹಠಾತ್ತನೆ ಏರುತ್ತದೆ.

ಡೇನ್‌ಟ್ರೀಗೆ ಮಾತ್ರ ಪೂರ್ಣ ದಿನ ಬೇಕು, ಬೆಳಿಗ್ಗೆ ಬೇಗ ಹೊರಡಬೇಕು. ಪೋರ್ಟ್ ಡಗ್ಲಸ್‌ನಿಂದ ನದಿಯ ಕಡವಿಗೆ ಸುಮಾರು ಒಂದು ಗಂಟೆ. ಅಲ್ಲಿ ಸೇತುವೆಯಿಲ್ಲ. ವಾಹನಗಳನ್ನು ಹಗ್ಗದ ಆಧಾರದಲ್ಲಿ ಸಾಗುವ ಫೆರ್ರಿಯಲ್ಲಿ ಶುಲ್ಕ ಕೊಟ್ಟು ದಾಟಿಸಬೇಕು. ರಜಾದಿನಗಳಲ್ಲಿ ಸಾಲು ಉದ್ದವಾಗಿರುತ್ತದೆ, ಮಧ್ಯರಾತ್ರಿಯಿಂದ ನಸುಕಿನವರೆಗೆ ಫೆರ್ರಿ ಸಂಚರಿಸುವುದಿಲ್ಲ, ನದಿ ಉಕ್ಕಿದಾಗ ನಿಂತುಬಿಡುತ್ತದೆ. ಆಚೆ ದಡದಿಂದ ಕೇಪ್ ಟ್ರಿಬ್ಯುಲೇಷನ್‌ವರೆಗಿನ ರಸ್ತೆ 40 ಕಿಲೋಮೀಟರ್‌ಗಿಂತ ಕಡಿಮೆಯಿದ್ದರೂ ಕಿರಿದಾದ ತಿರುವುಗಳಿಂದಾಗಿ ಸುಮಾರು ಒಂದು ಗಂಟೆ ಹಿಡಿಯುತ್ತದೆ. ನದಿಯಾಚೆ ಮೊಬೈಲ್ ಸಂಪರ್ಕ ಬಹುತೇಕ ಇಲ್ಲ, ಸಾರ್ವಜನಿಕ ವಿದ್ಯುತ್ ಜಾಲವಿಲ್ಲ, ಪೆಟ್ರೋಲ್ ಸಿಗುವ ಜಾಗಗಳು ಅಪರೂಪ. ಆದ್ದರಿಂದ ದಾರಿಯಲ್ಲಿ ಸಿಗುವ ಮಾಸ್‌ಮನ್ ಊರಿನಲ್ಲಿಯೇ ಟ್ಯಾಂಕ್ ತುಂಬಿಸಿಕೊಂಡು, ಎಷ್ಟು ಹೊತ್ತಿಗೆ ಮರಳುತ್ತೀರೆಂದು ತಂಗಿರುವ ಜಾಗದವರಿಗೆ ತಿಳಿಸಿ ಹೊರಡಬೇಕು. ರಸ್ತೆಗಳ ಸ್ಥಿತಿಯನ್ನು ರಾಜ್ಯ ಸರ್ಕಾರದ ಕ್ಯೂಎಲ್‌ಡಿ ಟ್ರಾಫಿಕ್ ಎಂಬ ಸಂಚಾರ ಮಾಹಿತಿ ಸೇವೆಯಲ್ಲಿಯೂ, ಕಾಲುಹಾದಿಗಳ ಸ್ಥಿತಿಯನ್ನು ರಾಷ್ಟ್ರೀಯ ಉದ್ಯಾನದ ಪ್ರಕಟಣೆಗಳಲ್ಲಿಯೂ ಅಂದೇ ಬೆಳಿಗ್ಗೆ ನೋಡಿಕೊಳ್ಳಬೇಕು.

ನಿಲ್ಲಬೇಕಾದ ಜಾಗಗಳನ್ನು ಹೋಗುವಾಗಲೇ ನೋಡಿ ಮುಗಿಸಬೇಕೆಂಬ ಧಾವಂತ ಬೇಡ. ಜಿಂಡಾಲ್ಬಾ, ಮಾರ್ಡ್ಜಾ ಮತ್ತು ಡುಬುಜಿ ಎಂಬ ಹಲಗೆಹಾದಿಗಳಲ್ಲಿ ಎರಡನ್ನು ಆರಿಸಿಕೊಂಡು ನಿಧಾನವಾಗಿ ನಡೆದರೆ, ಮೂರನ್ನೂ ಓಡೋಡಿ ಮುಗಿಸುವುದಕ್ಕಿಂತ ಹೆಚ್ಚು ಕಾಣುತ್ತದೆ. ಮಾರ್ಡ್ಜಾದಲ್ಲಿ ಮಳೆಕಾಡು ಮುಗಿದು ಕಾಂಡ್ಲಾ ಕಾಡು ಶುರುವಾಗುವ ಗಡಿಯನ್ನೇ ದಾಟುತ್ತೇವೆ; ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಅದು. ಕೇಪ್ ಟ್ರಿಬ್ಯುಲೇಷನ್‌ನ ಕುಲ್ಕಿ ನೋಟದ ಕಟ್ಟೆಯಲ್ಲಿ ನಿಂತರೆ, 1981ರಲ್ಲಿ ವಿಶ್ವ ಪರಂಪರೆಗೆ ಸೇರಿದ ಹವಳದ ದಿಬ್ಬದ ಪ್ರದೇಶವೂ 1988ರಲ್ಲಿ ಸೇರಿದ ಮಳೆಕಾಡೂ ಒಂದನ್ನೊಂದು ಮುಟ್ಟುವುದನ್ನು ಕಾಣಬಹುದು.

ಹಲಗೆಹಾದಿಯನ್ನು ಬಿಟ್ಟು ಇಳಿಯಬಾರದೆಂಬ ನಿಯಮವನ್ನು ಮುರಿಯುವವರು ಎದುರಿಸುವ ಮೊದಲ ಅಪಾಯ ಗಿಂಪಿ ಗಿಂಪಿ ಗಿಡ. ಹೃದಯದಾಕಾರದ, ಗರಗಸದ ಅಂಚಿನ ಇದರ ದೊಡ್ಡ ಎಲೆಗಳು ಮೃದುವಾದ ರೋಮಗಳಿಂದ ತುಂಬಿದಂತೆ ತೋರುತ್ತವೆ. ಆ ರೋಮಗಳು ಸೂಕ್ಷ್ಮ ಸೂಜಿಗಳಾಗಿದ್ದು, ಚುಚ್ಚಿಕೊಂಡರೆ ನೋವು ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಮರುಕಳಿಸುತ್ತದೆ. ತಾಗಿದ ಜಾಗವನ್ನು ಉಜ್ಜಬಾರದು. ಕೂದಲು ಕೀಳುವ ಮೇಣದ ಪಟ್ಟಿಯನ್ನು ಅಂಟಿಸಿ ಎಳೆದು ರೋಮಗಳನ್ನು ತೆಗೆಯಬೇಕು. ಬೆತ್ತದ ಜಾತಿಯ ಬಳ್ಳಿಗಳ ಕೊಕ್ಕೆಮುಳ್ಳು ಬಟ್ಟೆಗೆ ಸಿಕ್ಕಿದರೆ ಮುಂದೆ ಎಳೆಯದೆ, ಹಿಂದೆ ಸರಿದು ಬಿಡಿಸಿಕೊಳ್ಳಬೇಕು.

ಕ್ಯಾಸೊವರಿ ಎಂಬ ಹಾರಲಾರದ ದೊಡ್ಡ ಹಕ್ಕಿ ಎದುರಾಗುವುದು ಭಾಗ್ಯವೂ ಹೌದು, ಅಪಾಯವೂ ಹೌದು. ಅದು ಎರಡು ಮೀಟರ್‌ವರೆಗೂ ಎತ್ತರವಾಗುತ್ತದೆ, ಒಳಬೆರಳಿನಲ್ಲಿ ಕಠಾರಿಯಂಥ ಉಗುರಿರುತ್ತದೆ, ಮರಿಗಳೊಂದಿಗಿರುವ ಗಂಡು ವಿಶೇಷವಾಗಿ ಎಚ್ಚರದಿಂದಿರುತ್ತದೆ. ಓಡಬಾರದು, ಬೆನ್ನು ತೋರಿಸಬಾರದು. ಚೀಲವನ್ನೋ ಮರವನ್ನೋ ನಡುವೆ ಇಟ್ಟುಕೊಂಡು ಹಿಂದೆ ಹಿಂದೆ ಸರಿಯಬೇಕು. ಆಹಾರ ಹಾಕುವುದು ಕಾನೂನುಬಾಹಿರ. ಉಣಿಸಿದ ಹಕ್ಕಿ ರಸ್ತೆಬದಿಗೆ ಬರುವ ಅಭ್ಯಾಸ ಮಾಡಿಕೊಂಡು ವಾಹನಕ್ಕೆ ಸಿಕ್ಕಿ ಸಾಯುತ್ತದೆ, ಮತ್ತು ಕಾಡಿನ ಎಷ್ಟೋ ಮರಗಳ ದೊಡ್ಡ ಹಣ್ಣುಗಳನ್ನು ನುಂಗಿ ಬೀಜ ಹರಡುವ ಹಕ್ಕಿ ಅದೇ ಆಗಿರುವುದರಿಂದ ಒಂದು ಹಕ್ಕಿಯ ಸಾವು ಕಾಡಿಗೂ ನಷ್ಟ. ಇದೇ ಕಾರಣಕ್ಕೆ ನದಿಯ ಉತ್ತರದಲ್ಲಿ ಕಾರನ್ನು ನಿಧಾನವಾಗಿ ನಡೆಸಬೇಕು, ಮುಸ್ಸಂಜೆಗೆ ಮುನ್ನ ತಂಗುವ ಜಾಗ ಸೇರಬೇಕು.

ಮಳೆ ಬಿರುಸಾಗಿ, ತೊರೆಯ ನೀರು ಮಣ್ಣಿನ ಬಣ್ಣಕ್ಕೆ ತಿರುಗಿ, ಎಲೆ ಕಡ್ಡಿಗಳನ್ನು ಹೊತ್ತು ತರತೊಡಗಿದರೆ ಅದು ಪ್ರವಾಹದ ಮುನ್ಸೂಚನೆ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಅದರ ಆಳವನ್ನು ಕಣ್ಣಳತೆಯಲ್ಲಿ ಊಹಿಸಿ ಕಾರು ಇಳಿಸಬಾರದು, ನೀರಿನಲ್ಲಿ ನಡೆದು ಆಳ ನೋಡುವುದಂತೂ ಮೊಸಳೆಗಳಿರುವ ಈ ನಾಡಿನಲ್ಲಿ ಸರ್ವಥಾ ಸಲ್ಲದು. ನೀರು ಇಳಿಯುವವರೆಗೆ ಕಾಯಬೇಕು ಅಥವಾ ಅಂದು ಅಲ್ಲಿಯೇ ಉಳಿಯಬೇಕು.

ಹಂತ 8: ಕೊನೆಯ ದಿನ ಮತ್ತು ಮರಳಿದ ಮೇಲೆ

ಕೇಪ್ ಟ್ರಿಬ್ಯುಲೇಷನ್‌ನಿಂದ ನೇರವಾಗಿ ವಿಮಾನ ಹಿಡಿಯುವ ಯೋಜನೆ ಬೇಡ. ಫೆರ್ರಿಯ ಸಾಲು, ರಸ್ತೆ ದುರಸ್ತಿ, ಮಳೆ ಎಂಬ ಮೂರರಲ್ಲಿ ಒಂದು ಅಡ್ಡಬಂದರೂ ವಿಮಾನ ತಪ್ಪುತ್ತದೆ. ಹಿಂದಿನ ರಾತ್ರಿ ಪೋರ್ಟ್ ಡಗ್ಲಸ್ ಅಥವಾ ಕೆರ್ನ್ಸ್‌ನಲ್ಲಿ ಉಳಿಯಬೇಕು. ಹವಳದ ತುಂಡನ್ನು, ಅದು ದಡದಲ್ಲಿ ಬಿದ್ದದ್ದೇ ಆಗಿರಲಿ, ಚೀಲಕ್ಕೆ ಹಾಕಿಕೊಳ್ಳಬಾರದು. ಸಾಗರ ಉದ್ಯಾನದ ನಿಯಮಗಳೂ ಹವಳದ ಸಾಗಣೆಯ ಅಂತಾರಾಷ್ಟ್ರೀಯ ನಿಯಮಗಳೂ ಅದಕ್ಕೆ ಅಡ್ಡಿಯಾಗಿವೆ. ಬೂಟಿನ ಮಣ್ಣನ್ನು ತೊಳೆದು ಒಣಗಿಸಿ, ಕಾಲುಚೀಲದಲ್ಲಿ ಜಿಗಣೆಗಳು ಉಳಿದಿವೆಯೇ ಎಂದು ನೋಡಿಕೊಳ್ಳಬೇಕು.

ಹವಳಕ್ಕೆ ತರಚಿದ ಗಾಯ ಚಿಕ್ಕದಾಗಿ ಕಂಡರೂ ಬೇಗ ಕೀವುಗಟ್ಟುತ್ತದೆ. ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು, ನಂಜುನಿರೋಧಕ ಹಚ್ಚಿ, ಕೆಂಪು ಹರಡುತ್ತಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮುಳುಗು ಹಾಕಿದ ಮೇಲೆ ಕೀಲುನೋವು, ಜೋಮು, ಅಸಹಜ ದಣಿವು ಕಂಡರೆ ವಿಮಾನವನ್ನು ಮುಂದೂಡಿ ಆಸ್ಪತ್ರೆಗೆ ಹೋಗಬೇಕು. ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಸೊಳ್ಳೆಗಳಿಂದ ರಾಸ್ ರಿವರ್ ಜ್ವರವೂ, ಆಗಾಗ ಡೆಂಗಿಯೂ ಹರಡುವುದರಿಂದ, ಊರಿಗೆ ಮರಳಿದ ಎರಡು ಮೂರು ವಾರಗಳೊಳಗೆ ಜ್ವರ, ಮೈಕೈ ನೋವು ಅಥವಾ ದದ್ದು ಬಂದರೆ ಎಲ್ಲಿಗೆ, ಯಾವ ದಿನಗಳಲ್ಲಿ ಹೋಗಿದ್ದಿರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.